ಲೀಲಾಧರರ ಹಳೆಯ ವಿಂಡೋಸ್

ಜುಲೈ 28, ಸೋಮವಾರ, ಬೆಳಿಗ್ಗೆ ಹತ್ತೂವರೆ. ಉಚ್ಚಿಲದ ಬೋಟ್ ಮಾಲೀಕ ಲೀಲಾಧರ ಕಾಪು ಠಾಣೆಗೆ ಬಂದು, ಮನೆಯ ಕಂಪ್ಯೂಟರ್ ಕಳವಾಗಿದೆ ಎಂದು ದೂರಿತ್ತರು. ಎಲ್ಲಿಟ್ಟಿದ್ದಿರಿ ಎಂದರೆ ಮೇಜಿನ ಮೇಲೆ ಎಂದರು. ಈಗ ಎಲ್ಲಿದೆ ಎಂದರೆ, ಈಗಲೂ ಮೇಜಿನ ಮೇಲೆಯೇ ಎಂದರು.

ಇನ್ಸ್‌ಪೆಕ್ಟರ್ ಮಲ್ಲಿನಾಥ ಪೆನ್ನಿಗೆ ಮುಚ್ಚಳ ಹಾಕಿದರು. ಅವರು ಕಲಬುರಗಿ ಕಡೆಯವರು, ಕರಾವಳಿಗೆ ಬಂದು ವರ್ಷ ತುಂಬಿಲ್ಲ.

"ಹಂಗಾರ ಕಳುವಾಗಿದ್ದು ಏನ್ರಿ?"

"ಪೆಟ್ಟಿಗೆ ನಮ್ಮದೇ ಸರ್. ಒಳಗಿನದ್ದು ನಮ್ಮದಲ್ಲ. ಸ್ವಿಚ್ ಹಾಕಿದರೆ ಬೇರೆಯೇ ಎಂತದೋ ಬರ್ತದೆ. ನಮ್ಮ ಪಾಯಿಂಟ್ ಒಂದೂ ಇಲ್ಲ."

ಪಾಯಿಂಟ್ ಎಂದರೆ ಸಮುದ್ರದಲ್ಲಿ ಮೀನು ಸಿಗುವ ಜಾಗ, ಬಲೆ ಸಿಕ್ಕಿಕೊಳ್ಳುವ ಕಲ್ಲು, ಇವುಗಳ ಗುರುತು. ಬೋಟಿನ ಚುಕ್ಕಾಣಿ ಹಿಡಿಯುತ್ತಿದ್ದ ತಾಂಡೇಲ ಗುಣಪಾಲ ಅವನ್ನೆಲ್ಲ ಒಂದೊಂದಾಗಿ ಕೂಡಿಸಿ ಈ ಕಂಪ್ಯೂಟರಿಗೆ ಹಾಕಿದ್ದ. ಆ ನಕ್ಷೆಯ ಸಾಫ್ಟ್‌ವೇರ್ ಹಳೆಯ ವಿಂಡೋಸಿನಲ್ಲಿ ಮಾತ್ರ ಓಡುತ್ತಿತ್ತು. ಬೋಟಿನ ಜಿಪಿಎಸ್ ಕೆಟ್ಟು ಹೊಸದು ಬಂದಿತ್ತು. ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಒಂದಕ್ಕೆ ಬೋಟ್ ಇಳಿಯಬೇಕು, ಅಷ್ಟರೊಳಗೆ ಪಾಯಿಂಟುಗಳನ್ನು ಅದಕ್ಕೆ ತುಂಬಿಸಬೇಕು. ಗುಣಪಾಲನನ್ನು ಕೇಳೋಣವೆಂದರೆ ಅವನು ಕಳೆದ ನವೆಂಬರಿನಲ್ಲಿ ಸಮುದ್ರದ ಪಾಲಾಗಿದ್ದ.

"ಸಂಶಯ ಯಾರ ಮ್ಯಾಲೆ?"

"ಕಾರ್ಕಳದ ಲಿಯೋನೆಲ್. ಮೇ ತಿಂಗಳಲ್ಲಿ ಅವನ ಅಂಗಡಿಗೆ ರಿಪೇರಿಗೆ ಕೊಟ್ಟದ್ದು. ಬೇರೆ ಬೋಟಿನವರಿಗೆ ಮಾರಿರಬೇಕು ಸರ್."

ಮಾಹಿತಿ ತಂತ್ರಜ್ಞಾನ ಕಾಯ್ದೆ ಕಲಂ 66ರಡಿ ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಆನಿ ಇಬ್ಬರು ಪಂಚರ ಎದುರು ಪಂಚನಾಮೆ ಬರೆದು ಕಂಪ್ಯೂಟರನ್ನು ವಶಕ್ಕೆ ಪಡೆದರು. ಮರುದಿನ ಅದು ಉಡುಪಿಯ ಸೈಬರ್ ಘಟಕ ಸೇರಿತು. ಅಲ್ಲಿನ ತಂತ್ರಜ್ಞ ಮಲ್ಲಿನಾಥರ ಎದುರೇ ಅರ್ಧ ಗಂಟೆ ನೋಡಿ ನಕ್ಕ.

"ಕಳವೂ ಇಲ್ಲ, ಎಂತದ್ದೂ ಇಲ್ಲ ಸರ್. ಒಳಗೆ ಎರಡು ಸಿಸ್ಟಮ್ ಉಂಟು. ಹಳೆಯ ವಿಂಡೋಸಿನ ಪಕ್ಕ ಜಾಗ ಮಾಡಿ ಲಿನಕ್ಸ್ ಅಂತ ಇನ್ನೊಂದು ಸಿಸ್ಟಮ್ ಹಾಕಿದ್ದಾರೆ. ಸಾಮಾನ್ಯವಾಗಿ ಸ್ವಿಚ್ ಹಾಕಿದ ಕೂಡಲೇ ಯಾವುದು ಬೇಕು ಅಂತ ಕೇಳಿ, ಹತ್ತು ಸೆಕೆಂಡ್ ಕಾಯ್ತದೆ. ಇದರಲ್ಲಿ ಆ ಕಾಯುವ ಹೊತ್ತನ್ನು ಸೊನ್ನೆ ಮಾಡಿದ್ದಾರೆ. ಸೀದಾ ಹೊಸದಕ್ಕೇ ಹೋಗ್ತದೆ."

"ಹಳೇದು ತೆಗೀರಿ."

"ಅದಕ್ಕೆ ಪಾಸ್‌ವರ್ಡಿನ ಬೀಗ ಉಂಟು. ನಾವೇ ಬಿಡಿಸಬೇಕಾದರೆ ಎರಡು ವಾರ ಬೇಕು."

ಹೊಸ ಸಿಸ್ಟಮ್ ಹಾಕಿದ ದಿನ ಜುಲೈ 13, ಭಾನುವಾರ. ಕಾರ್ಕಳದ ಲಿಯೋನೆಲ್ ಬಿಲ್ ಪುಸ್ತಕವನ್ನೇ ಎದುರಿಗಿಟ್ಟ. ಮೇ 20ಕ್ಕೆ ಧೂಳು ತೆಗೆದು ವಾಪಸ್ ಕೊಟ್ಟಾಗಿತ್ತು. "ಪಾಯಿಂಟ್ ತಗೊಂಡು ನಾನೆಂತ ಮಾಡ್ಲಿ ಸರ್? ನನಗೆ ಬಸ್ಸಲ್ಲೇ ವಾಂತಿ ಬರ್ತದೆ."

ಬುಧವಾರ ಬೆಳಿಗ್ಗೆ ಮಲ್ಲಿನಾಥ ಉಚ್ಚಿಲಕ್ಕೆ ಹೋದರು. ಆ ಭಾನುವಾರ ಮನೆಗೆ ಯಾರೂ ಬಂದಿರಲಿಲ್ಲ ಎಂದು ಲೀಲಾಧರ ಖಡಾಖಂಡಿತವಾಗಿ ಹೇಳಿದರು. ಚಹಾ ತಂದ ಹೆಂಡತಿ ಕಮಲ ಅಲ್ಲೇ ನಿಂತರು.

"ಹರ್ಷಿಣಿ ಬಂದಿದ್ದಳಲ್ಲ? ಕಂಪ್ಯೂಟರ್ ನಿಧಾನ ಆಗ್ತದೆ ಅಂತ ಕರೆದದ್ದು ನೀವೇ."

"ಅವಳು ಗುಣಪಾಲನ ಮಗಳು ಸರ್, ಮನೆಯ ಹುಡುಗಿ. ಅವಳನ್ನೂ ಹೊರಗಿನವರ ಲೆಕ್ಕಕ್ಕೆ ಹಿಡಿಯುವುದುಂಟಾ?"

ಈ ದೊಡ್ಡ ಮನಸ್ಸಿನಿಂದ ಪೊಲೀಸರ ಎರಡು ದಿನ ನೀರಿನಲ್ಲಿ ಹೋಮವಾಗಿತ್ತು. ಮಲ್ಲಿನಾಥರಿಗೆ ರೇಗಿತು, ಆದರೆ ಚಹಾ ಕುಡಿದು ಎದ್ದರು.

ಹರ್ಷಿಣಿ ಮಣಿಪಾಲದ ಕಾಲೇಜೊಂದರ ಲ್ಯಾಬಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು, ವಯಸ್ಸು ಇಪ್ಪತ್ತಾರು. ಪರ್ಕಳದ ಬಾಡಿಗೆ ರೂಮಿನ ಬಾಗಿಲು ತೆರೆದವಳು ಪೊಲೀಸರನ್ನು ನೋಡಿ ಗಾಬರಿಯಾಗಲಿಲ್ಲ.

"ಎರಡನೇ ಸಿಸ್ಟಮ್ ಹಾಕಿದ್ದು ಯಾರು?"

"ನಾನೇ."

"ಕಾಯೋ ಟೈಮು ಸೊನ್ನೆ ಮಾಡಿದ್ದು? ಗೊತ್ತಿಲ್ದೋ, ಬೇಕಂತಲೋ?"

"ಬೇಕಂತಲೇ."

"ಯಾರಿಗೆ ಮಾರಾಕ?"

ಆಗ ಮಾತ್ರ ಅವಳ ಮುಖ ಕೆಂಪಾಯಿತು. "ಮಾರುವುದಾ? ಅಪ್ಪನ ಪಾಯಿಂಟಾ?"

"ಹಂಗಾರ ಪಾಸ್‌ವರ್ಡ್ ಹೇಳು."

"ಹೇಳುವುದಿಲ್ಲ."

ಆನಿ ಮೆತ್ತಗೆ ಹೇಳಿದರು, "ಜೈಲಾಗಬಹುದು ಮಗಾ."

"ಆಗಲಿ ಅಕ್ಕ."

ಸಂಜೆ 5.40ಕ್ಕೆ ಬಂಧನವಾಯಿತು. ಠಾಣೆಯಲ್ಲೂ ಅವಳದು ಅದೇ ಹಟ. ಸುದ್ದಿ ತಿಳಿದು ಲೀಲಾಧರ, ಕಮಲ ಓಡಿಬಂದರು. ಅವರನ್ನು ಕಂಡ ಮೇಲೆ ಹರ್ಷಿಣಿಯ ಬಾಯಿ ಬಿಚ್ಚಿತು.

"ಕಲ್ಲಿಗೆ ಬಲೆ ಸಿಕ್ಕಿ, ರೋಪ್ ಎಳೆದು ಅಪ್ಪ ನೀರಿಗೆ ಬಿದ್ದದ್ದು. ಈಗ ಅದೇ ಬೋಟಿಗೆ ನನ್ನ ತಮ್ಮ ಲಕ್ಷಿತ್ ಹೋಗ್ತಾನಂತೆ. ಅಪ್ಪ ಬಲೆ ಬಿಟ್ಟಲ್ಲೇ ಬಿಡ್ತೇನೆ ಅಂತ ಊರಿಡೀ ಹೇಳ್ತಾನೆ. ಆ ಕಲ್ಲಿನ ಬುಡದಲ್ಲಿ ಮೀನು ಉಂಟು. ಇವರು ಬೇಡ ಅಂತಾರಾ ಸರ್?"



ಮಲ್ಲಿನಾಥರಿಗೆ ಒಂದು ವಿಷಯ ಮಾತ್ರ ಅರ್ಥವಾಗಿರಲಿಲ್ಲ. "ಎಲ್ಲಾ ಅಳಿಸಿ ಹೊಸದು ಹಾಕಿದ್ರ ಆಗ್ತಿತ್ತಲ್ಲ? ಯಾರಿಗೂ ಸಿಗ್ತಿರಲಿಲ್ಲ. ಮುಚ್ಚಿ ಇಟ್ಟಿ ಯಾಕ?"

"ಅಪ್ಪನ ಹೆಣ ಸಿಗಲಿಲ್ಲ ಸರ್. ಅಪ್ಪ ಎಲ್ಲಿದ್ದಾರೆ ಅಂತ ತೋರಿಸುವುದು ಅದೊಂದೇ ಪಾಯಿಂಟ್. ಅದನ್ನು ಹೇಗೆ ಅಳಿಸುವುದು?"

ಆನಿ ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಲೀಲಾಧರ ಕುರ್ಚಿ ಎಳೆದು ಹರ್ಷಿಣಿಯ ಎದುರು ಕೂತರು.

"ಮಗಾ, ಪಾಯಿಂಟ್ ಇಲ್ಲದಿದ್ದರೂ ನಾಡಿದ್ದು ಬೋಟ್ ಹೋಗ್ತದೆ. ಲಕ್ಷಿತ್ ಅದರಲ್ಲಿ ಇರ್ತಾನೆ. ಕಲ್ಲು ಎಲ್ಲುಂಟು ಅಂತಲೇ ಗೊತ್ತಿಲ್ಲದಿದ್ದರೆ, ಅದನ್ನು ತಪ್ಪಿಸಿ ಹೋಗುವುದು ಹೇಗೆ?"

ಕಂಪ್ಯೂಟರಿನ ಮಟ್ಟಿಗೆ ಎಲ್ಲವನ್ನೂ ಯೋಚಿಸಿದ್ದ ಹುಡುಗಿಗೆ ಇದೊಂದು ಹೊಳೆದೇ ಇರಲಿಲ್ಲ. ಪಾಸ್‌ವರ್ಡ್ ಕೇಳಿದಾಗ ಜಗ್ಗದ ಮುಖ ಬಿಳಿಚಿಕೊಂಡಿತು. ಅವಳು ಕಣ್ಣು ಮುಚ್ಚಿದಳು.

"ಬರ್ಕೊಳ್ಳಿ. ಹದಿಮೂರು ಡಿಗ್ರಿ ಎಂಟು ಪಾಯಿಂಟ್ ನಾಲ್ಕು ಎರಡು ಆರು, ಉತ್ತರ. ಎಪ್ಪತ್ತನಾಲ್ಕು ಡಿಗ್ರಿ ಹನ್ನೊಂದು ಪಾಯಿಂಟ್ ಒಂಬತ್ತು ಸೊನ್ನೆ ಮೂರು, ಪೂರ್ವ."

ಆ ಕಲ್ಲಿನ ಜಾಗವನ್ನು ಅವಳು ಎಲ್ಲಿಯೂ ನೋಡಿ ಹೇಳಲಿಲ್ಲ. ಲೀಲಾಧರ ಮೊಬೈಲಿನಲ್ಲಿ ಎರಡು ಸಲ ತಪ್ಪಿ, ಮೂರನೇ ಸಲ ಸರಿಯಾಗಿ ಒತ್ತಿದರು.

"ಕೆಂಪು ಗುರುತು ಹಾಕ್ತೇನೆ. ನಾನಿರುವಷ್ಟು ದಿನ ಇದರ ಹತ್ತಿರ ಬಲೆ ಇಳಿಯುವುದಿಲ್ಲ." ಮತ್ತೆ ಮಲ್ಲಿನಾಥರತ್ತ ತಿರುಗಿದರು. "ಕೇಸು ವಾಪಸ್ ತಗೊಳ್ಳಬಹುದಾ ಸರ್?"

"ಎಫ್ಐಆರ್ ಆಗ್ಯದ್ರಿ. ನಿಮ್ಮ ಮಾತು ಕೋರ್ಟಿನಾಗ ಹೇಳ್ರಿ, ಕೇಳ್ತಾರ."

ಜಾಮೀನಿಗೆ ಕಮಲ ಸಹಿ ಹಾಕಿದರು. ಹುಡುಗಿಯ ಕೈ ಹಿಡಿದು ಹೊರಗೆ ಕರೆದೊಯ್ದರು. ಆರೋಪಿಯ ಉದ್ದೇಶ ಎಂಬಲ್ಲಿ ಏನು ಬರೆಯಬೇಕೆಂದು ಆನಿ ಕೇಳಿದಾಗ ಮಲ್ಲಿನಾಥ ತಾವೇ ಪೆನ್ನು ತೆಗೆದುಕೊಂಡರು. ತಮ್ಮನ ಜೀವ ಉಳಿಸುವುದು ಎಂದು ಬರೆದು, ತುಸು ತಡೆದು, ತಂದೆಯ ಜಾಗವನ್ನೂ ಎಂದು ಸೇರಿಸಿದರು.