ಆಕ್ಸಾನಿನ ತುದಿಯ ಹಸಿರು

ಸೆಮಿನಾರ್ ಹಾಲಿನಿಂದ ಸವಳಂಗ ರಸ್ತೆಗೆ ನುಗ್ಗಿಬಂದ ಅಕ್ಷರಾಳ ಮೈಯೆಲ್ಲ ಸಿಟ್ಟಿನಿಂದ ಉರಿಯುತ್ತಿತ್ತು. ಹಿಂದೆಯೇ ಓಡಿಬಂದ ಜ್ಞಾನೇಶ್ ಅವಳ ಬ್ಯಾಗ್ ಹಿಡಿದ. ಅವಳು ಕಿತ್ತುಕೊಂಡಳು.

"ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?"

ಗೊತ್ತಿತ್ತು. ಇಬ್ಬರೂ ಒಂದೇ ಲ್ಯಾಬಿನವರು. ಇಲಿಯ ಮೆದುಳಿನ ನರಕೋಶದಲ್ಲಿ ಪೊಟ್ಯಾಷಿಯಂ ಚಾನೆಲ್ ಎಂಬ ಪ್ರೋಟೀನ್ ಎಲ್ಲೆಲ್ಲಿದೆ ಎಂದು ಹುಡುಕುವುದೇ ಅಕ್ಷರಾಳ ಪಿಎಚ್‌ಡಿ. ಅವಳ ಚಾನೆಲ್ ಇರುವುದು ಕೋಶದ ಒಡಲಿನಲ್ಲಿ, ಹತ್ತಿರದ ಕವಲುಗಳಲ್ಲಿ ಎಂದಷ್ಟೇ ಎಲ್ಲರಿಗೂ ಗೊತ್ತಿದ್ದದ್ದು. ಅವಳಿಗೆ ಮಾತ್ರ ಆಕ್ಸಾನ್ ಎಂಬ ಉದ್ದನೆಯ ಎಳೆಯ ತುದಿಯಲ್ಲೂ ಹಸಿರು ಹೊಳಪು ಕಂಡಿತ್ತು. ಹೊಸ ಜಾಗ! ಲ್ಯಾಬ್ ತುಂಬ ಕುಣಿದಾಡಿದ್ದಳು.

ಒಬ್ಬರ ಕಂಟ್ರೋಲ್ ಸ್ಲೈಡನ್ನು ಇನ್ನೊಬ್ಬರು ನೋಡಬೇಕೆಂಬುದು ಆ ಲ್ಯಾಬಿನ ಪದ್ಧತಿ. ಚಾನೆಲನ್ನು ಹುಡುಕಿ ಹಿಡಿಯುವ ಆಂಟಿಬಾಡಿಯನ್ನೇ ಹಾಕದೆ, ಬರೀ ಹಸಿರು ಬಣ್ಣ ಹಾಕಿದ ಸ್ಲೈಡ್ ಅದು, ಕಪ್ಪಗಿರಬೇಕು. ಜ್ಞಾನೇಶ್ ನೋಡಿದಾಗ ಆಕ್ಸಾನಿನ ತುದಿ ಅದರಲ್ಲೂ ಹೊಳೆಯುತ್ತಿತ್ತು. ಅಂದರೆ ಅಲ್ಲಿ ಚಾನೆಲ್ಲೇ ಇಲ್ಲ, ಬಣ್ಣ ಸುಮ್ಮನೆ ಅಂಟಿಕೊಂಡಿದೆ. ಆದರೂ ಅವನು "ಎಲ್ಲ ಸರಿ ಇದೆ" ಎಂದುಬಿಟ್ಟಿದ್ದ. ಇವತ್ತು ಹೊರಗಿನಿಂದ ಬಂದ ಪ್ರೊಫೆಸರ್ ಬಸವರಾಜೇಶ್ವರಿ ಆ ಕಂಟ್ರೋಲ್ ತೋರಿಸಲು ಹೇಳಿದರು. ತುಂಬಿದ ಸಭೆಯೆದುರು ಅಕ್ಷರಾಳ ಮರ್ಯಾದೆ ಹೋಯಿತು.

"ನೀನು ಅಷ್ಟು ಖುಷಿಯಾಗಿದ್ದೆ ಮಾರಾಯ್ತಿ. ನಿನ್ನ ಕಣ್ಣು ನೋಡ್ಕೊಂಡು ಹೇಳೋಕೆ ಮನಸ್ಸು ಬರ್ಲಿಲ್ಲ."

"ನನ್ನ ಖುಷಿ ಕಾಯೋಕೆ ನಿನ್ನ ಯಾರು ಕರೆದ್ರು?"

"ಪ್ರೀತಿಸ್ತೀನಿ ಕಣೇ. ಅದಕ್ಕೇ..."

"ಅದಕ್ಕೇ ಸುಳ್ಳು ಹೇಳಿದ್ಯಾ? ಇಂಥವನ ಜೊತೆ ಬದುಕೋದು ಹೇಗೋ? ನೀನು ಚೆನ್ನಾಗಿದೆ ಅಂದಿದ್ದನ್ನೆಲ್ಲ ಇನ್ನು ಅನುಮಾನದಿಂದ್ಲೇ ನೋಡ್ಬೇಕಾ? ಭಾನುವಾರ ಅಪ್ಪನ ಹತ್ರ ನಿನ್ನ ವಿಷ್ಯ ಮಾತಾಡ್ತೀನಿ ಅಂದಿದ್ದೆ. ಆಡಲ್ಲ, ಹೋಗು!"

ಆಟೋ ಹತ್ತಿ ಹೊರಟೇಬಿಟ್ಟಳು. ಮನೆಗೆ ಹೋಗುವ ಭದ್ರಾವತಿ ಬಸ್ಸಿನಲ್ಲಿ ಅವನ ಸೋತ ಮುಖ ನೆನಪಾಯಿತು. ನೆನಪಾಯಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಮರುದಿನದಿಂದ ಅವನೊಂದಿಗೆ ಒಂದು ಮಾತೂ ಆಡದೆ, ಬೇರೆ ಹಸಿರು ಬಣ್ಣ ಹಾಕಿ ಎಲ್ಲವನ್ನೂ ಮತ್ತೆ ಮಾಡಿದಳು. ಶುಕ್ರವಾರ ಎರಡೂ ಸ್ಲೈಡ್‌ಗಳನ್ನು ಅವನ ಮೈಕ್ರೋಸ್ಕೋಪಿನ ಪಕ್ಕ ಕುಕ್ಕಿದಳು.

"ನೋಡು. ಬಾಯಿಬಿಟ್ಟು ಹೇಳು."

ಅವನು ಬಹಳ ಹೊತ್ತು ನೋಡಿದ. ಕಿವಿ ಕೆಂಪಗಾಯಿತು.

"ಕಂಟ್ರೋಲ್ ಕಪ್ಪಗಿದೆ, ಸರಿ ಇದೆ. ಇನ್ನೊಂದ್ರಲ್ಲಿ ಒಡಲು, ಹತ್ತಿರದ ಕವಲು ಹೊಳೀತಿದೆ. ತುದಿಯಲ್ಲಿ ಏನೂ ಇಲ್ಲ ಅಕ್ಷರಾ. ನಿನ್ನ ಹೊಸ ಜಾಗ ಹೋಯ್ತು. ಥೀಸಿಸ್ಸಿಂದ ಆ ಚಾಪ್ಟರ್ ಪೂರ್ತಿ ತೆಗೀಬೇಕು."

ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. ಒಂದು ವರ್ಷದ ದುಡಿಮೆ ನೀರುಪಾಲಾಗಿತ್ತು. ಅವನ ಕೆನ್ನೆಗೆ ಬಾರಿಸಬೇಕೆಂದು ಅವಳಿಗೆ ಅನಿಸಿತು, ಅವನ ಎದೆಗೊರಗಿ ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ ಕಣ್ಣೊರೆಸಿಕೊಂಡಳು.

"ಭಾನುವಾರ ನ್ಯೂ ಟೌನಿಗೆ, ನಮ್ಮನೆಗೆ ಬಾ. ಅಪ್ಪ ಮನೇಲಿರ್ತಾರೆ."

"ಸಿಟ್ಟು ಹೋಯ್ತಾ?" ಅವನ ಮುಖ ಅರಳಿತು.

"ಇಲ್ಲ," ಎಂದಳು ಅಕ್ಷರಾ. "ಸಿಟ್ಟಲ್ಲೇ ಕರೀತಿದೀನಿ. ಬಾ."