ಏಳನೇ ಗೇಟಿನ ನಾಲ್ಕು ತಾಸು

ನಾನು ಗ್ಲಾಸು ತೊಳೆಯುತ್ತಿದ್ದೆ.

ತಿಕ್ಕುವುದು, ನೀರಲ್ಲಿ ಅದ್ದುವುದು, ಬೋರಲು ಹಾಕುವುದು.

ಬಾಗಿಲಲ್ಲಿ ಪರಮಣ್ಣನ ಬಂಟ ವಿಶ್ವರಾಧ್ಯ ನಿಂತಿದ್ದ. ಕೈಯಲ್ಲಿ ಕಾಲುವೆಯ ಗೇಟು ತಿರುಗಿಸುವ ಕಬ್ಬಿಣದ ಹ್ಯಾಂಡಲ್. ಮೂರು ಅಡಿ ಉದ್ದ. ಅದರಿಂದ ಗೇಟೂ ತೆರೆಯುತ್ತದೆ... ತಲೆಯೂ ತೆರೆಯುತ್ತದೆ!

ಆರನೇ ಗ್ಲಾಸಿಗೆ ಅವನ ತಾಳ್ಮೆ ಮುಗಿಯಿತು.

“ಮಲ್ಲಿಕಮ್ಮನ ಹಳೇ ಚೀಟಿ ಎಲ್ಲೈತಿ?”

“ಯಾವ ಚೀಟಿ?”

“ನಾಟಕ ಬ್ಯಾಡ, ಸಂಘಮಿತ್ರಾ. ಪರಮಣ್ಣನೋರು ನಕ್ಕೋತ ಕೇಳು ಅಂದಾರ. ನನಗ ನಗಾಕ ಬರಂಗಿಲ್ಲ.”

“ಗೊತ್ತೈತಿ. ನಕ್ಕರ ಗುಟಕಾ ಬೀಳತದ.”

ಹ್ಯಾಂಡಲ್ ಮೇಲೆದ್ದಿತು.

ಒಲೆಯ ಮೇಲಿನ ಚಹಾ ಕೆಳಗಿಳಿಯಿತು. ಅವನ ಕಾಲ ಮೇಲೆ!

ಅರ್ಧ ನನ್ನ ಎಡಗೈ ಮೇಲೆಯೂ ಬಿತ್ತು. ಅಳಲು ಟೈಮಿರಲಿಲ್ಲ. ಚಹಾಪುಡಿಯ ಡಬ್ಬಿಯ ತಳದಿಂದ ಚೀಟಿ ಕಿತ್ತೆ. ಹಿಂಬಾಗಿಲು. ಸ್ಕೂಟಿ. ಸುರಪುರದ ರಸ್ತೆ.

ನನ್ನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಊರು ಸಗರ. ಭೀಮರಾಯನಗುಡಿಯಲ್ಲಿ ಒಂದು ಚಹಾದಂಗಡಿ, ಮೂಲೆಯಲ್ಲಿ ಒಂದು ಪ್ರಿಂಟರ್. ನಾನು ಮಾತಾಡುವುದು ಕಡಿಮೆ. ಅದಕ್ಕೇ ನನ್ನ ಮುಂದೆ ಎಲ್ಲರೂ ಮಾತಾಡುತ್ತಾರೆ. ಯಾರದು ಏನು ಕಳೆದರೂ ಹುಡುಕಿಕೊಡುತ್ತೇನೆ. ಬೋರ್ಡು ಹಾಕಿಲ್ಲ.

ಈ ಸಲ ಕಳೆದದ್ದು ನೀರು.

ನಮ್ಮ ಕಾಲುವೆಯ ರೈತರ ಸಂಘದಲ್ಲಿ ನೀರಿನ ಪಾಳಿಯನ್ನು ಈಗ ಸ್ಮಾರ್ಟ್ ಕಾಂಟ್ರ್ಯಾಕ್ಟ್ ನಡೆಸುತ್ತದೆ. ಒಮ್ಮೆ ಒಪ್ಪಿದ ಕರಾರನ್ನು ಯಾರ ಮಾತೂ ಕೇಳದೆ ನಡೆಸುವ ಪ್ರೋಗ್ರಾಮು. ಅದು ಹೇಳಿದರೆ ಮೋಟಾರು ಗೇಟು ಎತ್ತುತ್ತದೆ; ಕರೆಂಟು ಹೋದರೆ ಗೇಟ್‌ಮನ್ ಹ್ಯಾಂಡಲ್ ತಿರುವುತ್ತಾನೆ. ಮಲ್ಲಿಕಮ್ಮನದು ಕೊನೆಯ ಗೇಟು, ಏಳನೆಯದು. ಪಾಳಿ ನಾಲ್ಕು ತಾಸು. ಹೋದ ಶುಕ್ರವಾರ ಅವಳಿಗೆ ಒಂದು ಹನಿ ಬರಲಿಲ್ಲ. ಭತ್ತ ಹೊಡೆಗೆ ಬಂದು, ತೆನೆ ಬಿಡಲು ನೀರಿಗೆ ಕಾದು ನಿಂತಿದೆ. ಆದರೆ ನಾಲ್ಕನೇ ಗೇಟು, ಅಂದರೆ ಸಂಘದ ಅಧ್ಯಕ್ಷ ಪರಮಣ್ಣನ ಗೇಟು, ಪೂರ್ತಿ ಏಳು ತಾಸು ಹರಿಯಿತು!

ಮೋಟಾರಿಗೆ ಸುಳ್ಳು ಹೇಳಲು ಬರುವುದಿಲ್ಲ. ಗೇಟ್‌ಮನ್‌ಗೆ ಬರುತ್ತದೆ. ಹಾಗೆಂದು ಊರು ತೀರ್ಮಾನಿಸಿತು. ಗೇಟ್‌ಮನ್ ಭೀಮೇಶ ನೀರು ಮಾರಿಕೊಂಡ ಎಂದರು. ಹ್ಯಾಂಡಲ್ ಕಿತ್ತುಕೊಂಡರು. ಇವತ್ತು ಹನ್ನೆರಡಕ್ಕೆ ಸಭೆ ಸೇರಿಸಿ ಪೊಲೀಸರಿಗೆ ಒಪ್ಪಿಸುವವರಿದ್ದರು.

ಭೀಮೇಶ ಬಾಯಿ ಬಿಡಲಿಲ್ಲ. ನಾನು ಅವನನ್ನು ಬಿಡಿಸಬೇಕಿತ್ತು.

ಮಲ್ಲಿಕಮ್ಮ ತನ್ನ ಪಾಳಿಯ ಚೀಟಿ ಕಳೆದುಕೊಂಡಿದ್ದಳು. ಚೀಟಿಯಿಲ್ಲದಿದ್ದರೆ ಅವಳಿಗೆ ಪಾಳಿಯೇ ಇಲ್ಲ ಎಂದುಬಿಡಬಹುದು. ಆದರೆ ಹೋದ ವರ್ಷ ಎಲ್ಲರ ಚೀಟಿ ಪ್ರಿಂಟ್ ಮಾಡಿದವಳು ನಾನು. ಒಂದೊಂದು ಕಾಪಿ ಇಟ್ಟುಕೊಂಡಿದ್ದೆ.

ನಿನ್ನೆ ಸಂಜೆ ಆ ಚೀಟಿಯನ್ನೂ ಶುಕ್ರವಾರದ ದಾಖಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದೆ.

ಹಳೆಯದು: ಗೇಟು 7, ತಾಸು 4.

ಹೊಸದು: ತಾಸು 7, ಗೇಟು 4.

ಅಂಕಿಗಳು ಕೂತ ಜಾಗದಲ್ಲೇ ಕೂತಿದ್ದವು. ಹೆಸರು ಅದಲುಬದಲಾಗಿತ್ತು. ಆ ಪ್ರೋಗ್ರಾಮು ಬರೆದವಳು ಉಮಾ.

ಉಮಾ! ಎಂಟನೇ ಕ್ಲಾಸಿನವರೆಗೆ ನಮ್ಮದು ಒಂದೇ ಬೆಂಚು. ಗಣಿತದಲ್ಲಿ ಅವಳು ನನ್ನದು ನೋಡಿ ಬರೆಯುತ್ತಿದ್ದಳು. ಆಮೇಲೆ ಅವಳು ಕಾಲೇಜಿಗೆ ಹೋದಳು. ನಾನು ಒಲೆಗೆ ಹೋದೆ.

ಸ್ಕೂಟಿಯ ಕನ್ನಡಿಯಲ್ಲಿ ಬುಲೆಟ್ ಬೈಕು ಕಾಣಿಸಿತು. ವಿಶ್ವರಾಧ್ಯ!

ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಸುಟ್ಟ ಕೈ ಕಿರುಚಿತು. ಬುಲೆಟ್ ಪಕ್ಕಕ್ಕೇ ಬಂತು. ಹ್ಯಾಂಡಲ್ ಬೀಸಿದ... ಸ್ಕೂಟಿಯ ಹಿಂದಿನ ದೀಪ ಪುಡಿಪುಡಿ! ಮುಂದೆ ರಸ್ತೆ ತುಂಬ ಕುರಿ. ಎಡಕ್ಕೆ ಕಾಲುವೆಯ ಕಾಲುಸೇತುವೆ. ಸ್ಕೂಟಿ ದಾಟುವಷ್ಟು ಅಗಲ. ಬುಲೆಟ್ ದಾಟುವಷ್ಟಲ್ಲ.

ನಾನು ದಾಟಿದೆ. ಅವನು ಕುರಿಗಳ ನಡುವೆ ನಿಂತ. ಕುರುಬನೊಬ್ಬ ಅವನ ಅಜ್ಜನ ಕಾಲದಿಂದ ಬೈಯಲು ಶುರುಮಾಡಿದ್ದು ಕೇಳಿಸಿತು.

ಸುರಪುರ. ಉಮಾಳ ರೂಮು. ಬಾಗಿಲು ತಳ್ಳಿದೆ.

ಭೀಮೇಶ ಇದ್ದ.

ಆರು ತಿಂಗಳು ದಿನಾ ನನ್ನಂಗಡಿಯಲ್ಲಿ ಚಹಾ ಕುಡಿದಿದ್ದಾನೆ. ಕುಡಿದ ಗ್ಲಾಸನ್ನು ಒಮ್ಮೆಯೂ ಎತ್ತಿಟ್ಟವನಲ್ಲ. ಇಲ್ಲಿ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಗ್ಲಾಸು ತೊಳೆಯುತ್ತಿದ್ದ!

ಸುಟ್ಟದ್ದು ಕೈ ಮಾತ್ರ ಎಂದುಕೊಂಡಿದ್ದೆ.

ಚೀಟಿಯನ್ನು ಉಮಾಳ ಮುಂದೆ ಎಸೆದೆ. ಅವಳು ನೋಡಲೇ ಇಲ್ಲ. ಕಣ್ಣುಗಳು ಮೊದಲೇ ಊದಿದ್ದವು.

“ನಿನ್ನಿ ಗೊತ್ತಾತು, ಮಿತ್ರಾ. ಚೈನ್‌ನ್ಯಾಗ, ಅಂದ್ರ ಕರಾರು ಕೂಡಿಟ್ಟ ಖಾತೆಯಾಗ, ಬರೇ ಅಂಕಿ ಇರ್ತಾವ. ಯಾವುದು ಗೇಟು, ಯಾವುದು ತಾಸು ಅಂತ ಬರ್ದಿರಂಗಿಲ್ಲ. ನಾ ಪ್ರೋಗ್ರಾಮಿನ್ಯಾಗ ‘ಮೊದಲ ಗೇಟು, ಆಮ್ಯಾಲ ತಾಸು’ ಅಂತ ಬರ್ದ ಸಾಲು ನೋಡಿ, ಅದರ ಪ್ರಕಾರ ಫ್ರೇಮ್‌ವರ್ಕ್, ಅಂದ್ರ ತಯಾರಿದ್ದ ಸಾಫ್ಟ್‌ವೇರು, ಅಂಕಿ ತಾನ ಬಿಚ್ಚಿ ತುಂಬತದ.”

“ಆ ಸಾಲು ನೀ ಹಿಂದಮುಂದ ಮಾಡಿದಿ.”

“ಹೂಂ. ಪರಮಣ್ಣಮಾವ ಮೊದಲ ತಾಸು ಕಾಣ್ಬೇಕು ಅಂದ್ರು...”

ಹೌದು. ಆ ಸಭೆಗೆ ಚಹಾ ಕೊಟ್ಟವಳು ನಾನೇ. ನಮ್ಮಲ್ಲಿ ಹಿರಿಯರು ಗೇಟು ಕೇಳುವುದಿಲ್ಲ, ‘ಎಷ್ಟು ತಾಸು’ ಎಂದೇ ಕೇಳುತ್ತಾರೆ. ಚೀಟಿಯಲ್ಲಿ ಬದಲಿಸಿದ್ದರೆ ಸಾಕಿತ್ತು. ಅವಳು ಬುಡದಲ್ಲೇ ಬದಲಿಸಿದ್ದಳು.

“ತಪ್ಪಿದ್ರ ಅದು ತಡಿಯಂಗಿಲ್ಲೇನು?”

“ಮ್ಯಾಲಿನ ಸೀಲ್ ಅಷ್ಟ ನೋಡತದ. ಸೀಲ್ ‘ನೀರಿನ ಪಾಳಿ’ ಅನ್ನೋ ದಾಖಲೆದ ಹೆಸರಿಂದ ಬರ್ತದ. ಆ ಹೆಸರು ನಾ ಬದಲ್ ಮಾಡಿಲ್ಲ. ಉಳಿದೋರೆಲ್ಲ ಈ ಸಲ ಹೊಸದಾಗಿ ನೋಂದಣಿ ಮಾಡಿಸಿದ್ರು. ಮಲ್ಲಿಕಮ್ಮ ಒಬ್ಬಾಕಿ ಮಗಳ ಬಾಣಂತನಕ್ಕ ಯಾದಗಿರಿಗಿ ಹೋಗಿದ್ಲು. ಆಕಿದೊಂದ ಹಳೇದು ಉಳೀತು.”

ಲಕೋಟೆಯ ಸೀಲ್ ಸರಿಯಿತ್ತು. ಒಳಗಿನ ಕಾಗದ ಹಳೆಯದು. ಏಳನೇ ಗೇಟು ಏಳು ತಾಸಾಯಿತು, ನಾಲ್ಕು ತಾಸು ನಾಲ್ಕನೇ ಗೇಟಾಯಿತು!

ಭೀಮೇಶ ಎದ್ದು ನಿಂತ. “ಮಿತ್ರಾ, ಆ ಚೀಟಿ ಹರಿ. ನಾ ಕಳ್ಳ ಅನಿಸ್ಕೋತೀನಿ. ಆಕಿ ಹೆಸರು ಬರೋದು ಬ್ಯಾಡ.”

“ಜೈಲಿಗಿ ಹೋಗ್ತಿ, ಹುಚ್ಚಾ!” ಎಂದೆ.

“ಹೋಗ್ತೀನಿ.”

ಎಷ್ಟು ಸಲೀಸಾಗಿ ಹೇಳಿಬಿಟ್ಟ! ನನಗಾಗಿ ಯಾರೂ ಒಂದು ಬಸ್ಸನ್ನು ಸಹ ತಪ್ಪಿಸಿಕೊಂಡಿಲ್ಲ.

ನಿಜ ಹೇಳುತ್ತೇನೆ. ಆ ಚೀಟಿಯನ್ನು ಸಭೆಯ ನಡುವೆ ನಾನೇ ಬಿಚ್ಚಬೇಕೆನ್ನಿಸಿತು. ಅವಳ ತಲೆ ತಗ್ಗಬೇಕು. ಅವನು ಅದನ್ನು ನೋಡಬೇಕು. ಆಮೇಲೆ ಅವನು ನನ್ನನ್ನು ನೋಡಬೇಕು... ಇಲ್ಲಿಗೆ ಬಂದು ಯೋಚನೆ ನಿಂತಿತು. ಆಗ ಅವನು ನನ್ನನ್ನು ಹೇಗೆ ನೋಡುತ್ತಾನೆಂದು ಗೊತ್ತಿತ್ತು.

ಚೀಟಿ ಎತ್ತಿ ಉಮಾಳ ಕೈಗೇ ಇಟ್ಟೆ.

“ನೀನ ತೋರ್ಸು. ಹನ್ನೆರಡಕ್ಕ. ಇಲ್ಲಾಂದ್ರ ನಾ ತೋರಸ್ತೀನಿ.”

ಅವಳು ಲ್ಯಾಪ್‌ಟಾಪ್ ತೆರೆದಳು.

ಹನ್ನೆರಡರ ಸಭೆಯಲ್ಲಿ ಉಮಾ ಚೀಟಿ ತೋರಿಸಿದ್ದೇ ಪರಮಣ್ಣ ಕುರ್ಚಿ ಒದ್ದು ಎದ್ದ. ಹಿಂದೆ ವಿಶ್ವರಾಧ್ಯ, ಒಂದೇ ಕಾಲಿನ ಮೇಲೆ.

“ಮಷೀನು ತಪ್ಪು ಮಾಡಂಗಿಲ್ಲ ಅಂತ ನೀನ ಹೇಳಿದ್ದಿ!”

“ಮಷೀನು ಮಾಡಿಲ್ಲ, ಮಾವ. ನಾ ಮಾಡೀನಿ,” ಎಂದಳು ಉಮಾ. “ಈಗ ಹಳೇ ದಾಖಲೆ ಹಳೇ ಸಾಲಿನ್ಯಾಗ ಓದಿ, ಹೊಸ ಸಾಲಿನ್ಯಾಗ ಬರ್ದು ಸರಿ ಮಾಡೀನಿ. ಭೀಮೇಶಂದು ಏನೂ ತಪ್ಪಿಲ್ಲ. ಏಳು ತಾಸು ಹೊಲ ತೊಯ್ಸಿಕೊಂಡು, ಅವಗ ಕಳ್ಳ ಅನ್ನುವಾಗ ನೀವ್ಯಾಕ ಸುಮ್ನಿದ್ರಿ?”

ಯಾರೋ ಹಿಂದಿನಿಂದ ನಕ್ಕರು. “ಬಾಯಾಗ ನೀರು ತುಂಬ್ಕೊಂಡಿದ್ರು ಬೇ!”

ಪರಮಣ್ಣ ಕುರ್ಚಿ ಎತ್ತಿ ನಿಲ್ಲಿಸಿ ಕೂತ. ಹ್ಯಾಂಡಲ್ ಭೀಮೇಶನ ಕೈಗೆ ಮರಳಿತು.

ಉಮಾಳನ್ನು ಬೈಯುತ್ತಾರೆಂದು ಕಾದೆ. ಮೂಲೆಯಲ್ಲಿ ನಿಂತು ಬಹಳ ಹೊತ್ತು ಕಾದೆ. ತಪ್ಪು ಒಪ್ಪಿಕೊಂಡ ಧೈರ್ಯಕ್ಕೆ ಚಪ್ಪಾಳೆ ಹೊಡೆದರು!

ಎರಡು ಗಂಟೆಗೆ ಏಳನೇ ಗೇಟಿನ ಮೋಟಾರು ಗುರ್ರೆಂದಿತು. ನೀರು ನುಗ್ಗಿತು. ಮಲ್ಲಿಕಮ್ಮ ಉಮಾಳ ಮುಖ ಸವರಿ ನೆಟಿಗೆ ಮುರಿದಳು. “ನನ್ನ ಮಗಳ... ನನ್ನ ಬಂಗಾರ...” ಭೀಮೇಶ ಉಮಾಳನ್ನೇ ನೋಡುತ್ತಿದ್ದ. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ನಾನು ದಂಡೆಯ ಮೇಲೆ ಕೂತಿದ್ದೆ. ಕೈ ಗುಳ್ಳೆ ಎದ್ದಿತ್ತು. ಗಂಟಲು ಬೆಳಗಿನಿಂದ ಒಣಗಿತ್ತು. ಕಣ್ಣೆದುರು ನಾಲ್ಕು ತಾಸಿನ ಕೆಂಪು ನೀರು.

“ಯಾರರ ಒಂದು ಗ್ಲಾಸು ಕುಡಿಯೋ ನೀರು ಕೊಡ್ರಿ,” ಎಂದೆ.

ಎರಡು ಸಲ ಎಂದೆ.