ಹೊಸಿಲ ಮೇಲೊಂದು ಸೀನು

“ಆಕ್ಷೀ!”

ಹೆಲ್ಗಾ ಅಕ್ಕ ಹೊಸಿಲ ಮೇಲೆ ನಿಂತು ಸೀನಿದಳು. ಒಂದೇ ಒಂದು ಸೀನು.

ವಾರಿಜಾ ಕಣ್ಣು ಮುಚ್ಚಿಕೊಂಡಳು. ಮುಂದೇನಾಗುತ್ತದೆಂದು ಅವಳಿಗೆ ಗೊತ್ತಿತ್ತು.

“ನಿಲ್ಲಮ್ಮ, ನಿಲ್ಲು!” ಎಂದು ಅಡುಗೆಮನೆಯಿಂದ ಕೂಗುತ್ತಲೇ ಅಜ್ಜಿ ಓಡಿಬಂದರು. “ಹೊರಡೋವಾಗ ಒಂಟಿ ಸೀನು ಆಗಬಾರದು. ಒಳಗೆ ಬಂದು ಕೂತ್ಕೊ. ನೀರು ಕುಡಿದು ಹೊರಡು.”

“ಅಜ್ಜೀ, ಬಸ್ಸು ಹೊರಟುಹೋಗುತ್ತೆ!”

“ಬಸ್ಸು ಹೋದ್ರೆ ಹೋಯ್ತು. ಪರೀಕ್ಷೆ ಕೆಟ್ಟರೆ?”

“ಬಸ್ಸು ಹೋದ್ರೆ ಪರೀಕ್ಷೇನೂ ಹೋಯ್ತು!”

ಹೆಲ್ಗಾ ಜರ್ಮನಿಯವಳು. ಬೆಂಗಳೂರಿನ ಒಂದು ಕಾಲೇಜಿನಿಂದ ಒಬ್ಬ ವಿದ್ಯಾರ್ಥಿ ಅವಳ ಊರಿಗೆ ಓದಲು ಹೋಗಿದ್ದ. ಅವನಿಗೆ ಬದಲಾಗಿ ಇವಳು ಇಲ್ಲಿಗೆ ಬಂದಿದ್ದಳು. ಹೋದ ಜೂನ್‌ನಿಂದ, ಎಂದರೆ ೧೯೬೧ರಿಂದ, ಜಯನಗರದ ವಾರಿಜಾಳ ಮನೆಯಲ್ಲೇ ಇದ್ದಳು. ಇವತ್ತು ಅವಳಿಗೆ ಕೊನೆಯ ಪರೀಕ್ಷೆ, ಕೆಮಿಸ್ಟ್ರಿ. ಇದರಲ್ಲಿ ಫೇಲಾದರೆ ಊರಿಗೆ ಹೋಗಿ ಒಂದು ವರ್ಷ ಮತ್ತೆ ಓದಬೇಕು.

ಪರೀಕ್ಷೆ ಹತ್ತಕ್ಕೆ. ಒಂಬತ್ತರ ಬಸ್ಸು ತಪ್ಪಿದರೆ ಇನ್ನೊಂದು ಬರುವುದೇ ಹತ್ತಕ್ಕೆ. ಬೆಳಿಗ್ಗೆ ಮೈಸೂರಿಗೆ ಹೊರಡುವಾಗ ಅಪ್ಪ ಹೇಳಿದ್ದರು: “ವಾರಿಜಾ, ನಿನ್ನ ಪರೀಕ್ಷೆ ಮುಗೀತಲ್ಲ. ಅಕ್ಕನ್ನ ಬಸ್ಸು ಹತ್ತಿಸೋ ಜವಾಬ್ದಾರಿ ನಿಂದು.”

ನೋಡಿದರೆ, ಈ ಸೀನಿಗೂ ಅಜ್ಜಿಯೇ ಕಾರಣ. ಒಂದು ವಾರದಿಂದ ಅವರು ಹೆಲ್ಗಾಳನ್ನು ನೆಮ್ಮದಿಯಾಗಿ ಓದಲು ಬಿಟ್ಟಿರಲಿಲ್ಲ. ಪುಸ್ತಕ ತೆರೆದರೆ ಕಾಫಿ. ಕಾಫಿ ಮುಗಿದರೆ ಹುರಿಗಾಳು. ಹುರಿಗಾಳು ಮುಗಿಯುವಷ್ಟರಲ್ಲಿ, “ಸಾಕು ಮಾಡಮ್ಮ, ಕಣ್ಣು ನೋಯುತ್ತೆ.” ನಿನ್ನೆಯಂತೂ “ಓದೀ ಓದೀ ತಲೆ ಕಾದುಹೋಗಿದೆ” ಎಂದು ನೆತ್ತಿಗೆ ಹರಳೆಣ್ಣೆ ತಟ್ಟಿ, ಹಂಡೆ ನೀರನ್ನೆಲ್ಲ ಸುರಿದಿದ್ದರು. ಹೆಲ್ಗಾಳ ಉದ್ದ ಕೂದಲು ಸಂಜೆಯಾದರೂ ಒಣಗಲಿಲ್ಲ. ಬೆಳಿಗ್ಗೆ ಏಳುವಾಗ ನೆಗಡಿ.

ಹೆಲ್ಗಾ ಕುರ್ಚಿಯ ತುದಿಯಲ್ಲಿ ಕೂತು ಗಟಗಟನೆ ನೀರು ಕುಡಿದಳು.

“ಅಜ್ಜಿ, ನಮ್ಮ ಊರಿನಲ್ಲಿ ಸೀನಿದವರಿಗೆ ‘ಆರೋಗ್ಯ’ ಎಂದು ಹೇಳುತ್ತಾರೆ. ಅವರನ್ನು ನಿಲ್ಲಿಸುವುದಿಲ್ಲ,” ಎಂದಳು. ಅವಳ ಕನ್ನಡ ಪಾಠದ ಪುಸ್ತಕದ ಹಾಗಿತ್ತು. ಬೇರೆ ದಿನವಾಗಿದ್ದರೆ ವಾರಿಜಾ ನಗುತ್ತಿದ್ದಳು.

“ಹೌದಾ? ಪರೀಕ್ಷೆಗೆ ಹೊರಟವರಿಗೆ ಏನ್ಮಾಡ್ತಾರೆ?” ಅಜ್ಜಿಗೆ ಕುತೂಹಲ.

“ಅಜ್ಜೀ! ಅದನ್ನ ಈಗಲೇ ಕೇಳ್ಬೇಕಾ?”

ಹೆಲ್ಗಾ ತನ್ನ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಬಿಗಿಯಾಗಿ ಮುಚ್ಚಿ ತೋರಿಸಿದಳು. “ಮನೆಯವರು ಹೀಗೆ ಹಿಡಿಯುತ್ತಾರೆ. ಆಗ ಒಳ್ಳೆಯದಾಗುತ್ತದೆ.”

“ಎಷ್ಟು ಹೊತ್ತು?”

“ಪರೀಕ್ಷೆ ಮುಗಿಯುವವರೆಗೆ,” ಎಂದು ಹೆಲ್ಗಾ ನಕ್ಕಳು.

ವಾರಿಜಾ ಅವಳ ಕೈ ಹಿಡಿದು ಎಳೆದಳು. ಇಬ್ಬರೂ ಅಂಗಳಕ್ಕೆ ಇಳಿದರು. ಆಗ ಪಕ್ಕದ ಕಾಂಪೌಂಡಿನಿಂದ ಶಂಭುಲಿಂಗಪ್ಪನವರ ತಲೆ ಮೇಲೆದ್ದಿತು. ರಿಟೈರಾದ ಮೇಲೆ ಅವರಿಗೆ ಗಿಡಗಳಿಗೆ ನೀರು ಹಾಕುವುದು, ಹೋಗಿಬರುವವರನ್ನು ಮಾತಾಡಿಸುವುದು ಇವೆರಡೇ ಕೆಲಸ.

“ಏನಮ್ಮ, ಎಲ್ಲಿಗೆ ಹೊರಟ್ರಿ?”

“ಅಯ್ಯೋ!” ಬಾಗಿಲಲ್ಲಿ ಅಜ್ಜಿ ಹಣೆ ಚಚ್ಚಿಕೊಂಡರು. “ಹೊರಟವರನ್ನ ಎಲ್ಲಿಗೆ ಅಂತ ಕೇಳಿಬಿಟ್ರಲ್ಲ ಶಂಭುಲಿಂಗಪ್ಪನವರೇ! ದೂರಾನಾ ಅಂತ ಕೇಳ್ಬೇಕು.”

“ತಪ್ಪಾಯ್ತು ಸೀತಮ್ಮನವರೇ. ಏನಮ್ಮ, ದೂರಾನಾ?”

“ಇನ್ನೂ ಗೇಟೇ ದಾಟಿಲ್ಲ ತಾತ!” ಎಂದು ವಾರಿಜಾ ಕಿರುಚಿದಳು.

“ವಾರಿಜಾ, ಒಂದ್ನಿಮಿಷ ಒಳಗೆ ಬಂದು...”

ವಾರಿಜಾ ತಿರುಗಿ ನೋಡಲಿಲ್ಲ. ರಸ್ತೆಯ ತಿರುವಿನಲ್ಲಿ ಬಸ್ಸಿನ ಸದ್ದು ಕೇಳುತ್ತಿತ್ತು. ಹೆಲ್ಗಾಳ ಕೈ ಬಿಟ್ಟು ಒಂದೇ ಉಸಿರಿಗೆ ಓಡಿ, ಸ್ಟಾಪಿನಲ್ಲಿ ಎರಡೂ ಕೈ ಎತ್ತಿ ನಿಂತಳು.

“ಬೇಗ ಹತ್ತಮ್ಮ,” ಎಂದ ಕಂಡಕ್ಟರ್.

“ನಾನಲ್ಲ ಅಣ್ಣ, ಅಕ್ಕ ಬರ್ತಿದಾಳೆ. ಪರೀಕ್ಷೆ ಇದೆ, ದಯವಿಟ್ಟು ರೈಟ್ ಹೇಳ್ಬೇಡಿ!”

“ಎಲ್ಲಿ ನಿಮ್ಮಕ್ಕ?” ಕಂಡಕ್ಟರ್ ಇಣುಕಿ ನೋಡಿದ. ಹಳದಿ ಕೂದಲ ಹುಡುಗಿ ಸೀರೆ ಎತ್ತಿಹಿಡಿದು ಓಡಿಬರುತ್ತಿದ್ದಳು. “ಇವರಾ ನಿಮ್ಮಕ್ಕ?”

“ಹೌದು. ಏನೀಗ?”

ಹೆಲ್ಗಾ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದಳು. ಅಲ್ಲೇ ನಿಂತು, “ಆಕ್ಷೀ!” ಎಂದಳು.

ವಾರಿಜಾ ಗಾಬರಿಯಿಂದ ಮನೆಯ ಕಡೆ ನೋಡಿದಳು. ಸದ್ಯ, ಅಜ್ಜಿಗೆ ಕೇಳಿಸುವಷ್ಟು ಮನೆ ಹತ್ತಿರವಿರಲಿಲ್ಲ. ಬಸ್ಸು ಹೊರಟಿತು.

ಮನೆಗೆ ಬಂದಾಗ ಅಜ್ಜಿ ಜಗಲಿಯಲ್ಲೇ ಕೂತಿದ್ದರು. “ಬಸ್ಸು ಸಿಕ್ತಾ?” ಎಂದರು.

“ಸಿಕ್ತು. ನಿನ್ನಿಂದಲ್ಲ!” ಎಂದು ವಾರಿಜಾ ದಡದಡನೆ ಹಿತ್ತಲಿಗೆ ಹೋದಳು. ಆಮೇಲೆ ಮಾವಿನ ಮರದ ಕೆಳಗೆ ಒಬ್ಬಳೇ ಕುಂಟೆಬಿಲ್ಲೆ ಆಡಿದಳು. ಪ್ರತಿಸಲವೂ ಬಿಲ್ಲೆ ಗೆರೆಯ ಮೇಲೇ ಬಿತ್ತು.

ಮಧ್ಯಾಹ್ನ ಊಟಕ್ಕೆ ಕೂತಾಗ ಅಜ್ಜಿಯ ತಟ್ಟೆ ಗೋಡೆಗೆ ಒರಗಿಕೊಂಡೇ ಇತ್ತು.

“ಕರೆದೂ ಕರೆದೂ ಸಾಕಾಯ್ತು. ನೀನೇ ಹೋಗಿ ಕರಿ,” ಎಂದರು ಅಮ್ಮ.

ಅಜ್ಜಿ ಜಗಲಿಯಲ್ಲಿ ಬೆಳಿಗ್ಗೆ ಕೂತ ಜಾಗದಲ್ಲೇ ಇದ್ದರು. ಪಕ್ಕದ ಬುಟ್ಟಿಯಲ್ಲಿ ಮಲ್ಲಿಗೆ ಮೊಗ್ಗುಗಳು ಬಿರಿಯತೊಡಗಿದ್ದವು. ದಿನವೂ ಈ ಹೊತ್ತಿಗೆ ಅವು ಮಾಲೆಯಾಗಿರುತ್ತಿದ್ದವು.

“ಯಾಕಜ್ಜಿ, ಹೂವೇ ಕಟ್ಟಿಲ್ಲ?”

“ಹೇಗೆ ಕಟ್ಟಲಿ? ಹೆಬ್ಬೆರಳು ಒಳಗಿದೆಯಲ್ಲ.”

ವಾರಿಜಾ ಬಗ್ಗಿ ನೋಡಿದಳು. ಮಡಿಲಲ್ಲಿ ಅಜ್ಜಿಯ ಬಲಗೈ ಮುಷ್ಟಿಯಾಗಿ ಬಿಗಿದುಕೊಂಡಿತ್ತು.

“ಬೆಳಿಗ್ಗೆಯಿಂದ ಹೀಗೇ ಕೂತಿದೀಯಾ? ಅಕ್ಕ ಸುಮ್ನೆ ಮಾತಿಗೆ ಹೇಳಿದ್ದು ಅಜ್ಜಿ!”

“ಪರೀಕ್ಷೆ ಮುಗಿಯೋವರೆಗೆ ಅಂದ್ಲಲ್ಲ. ಅವರಮ್ಮನಿಗೆ ಇವತ್ತೇ ಪರೀಕ್ಷೆ ಅಂತ ಗೊತ್ತೋ ಇಲ್ಲವೋ. ಇಲ್ಲಿ ಹಿಡಿಯೋಕೆ ಬೇರೆ ಯಾರಿದಾರೆ?”

ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದರು: “ನಿನ್ನ ಲೆಕ್ಕದ ಪರೀಕ್ಷೆ ಇದ್ದ ದಿನಾನೂ ಇದೇ ಕತೆ. ನೀನು ಬರೋವರೆಗೂ ಊಟಕ್ಕೆ ಏಳಲಿಲ್ಲ.”

ವಾರಿಜಾ ಗೇಟಿನ ಕಡೆ ನೋಡಿದಳು. ಆ ದಿನ ಅಜ್ಜಿ ದೇವರ ಮುಂದಿಟ್ಟು ತಂದುಕೊಟ್ಟಿದ್ದ ಬೆಲ್ಲದ ಚೂರನ್ನು, ಲೇಟಾಗುತ್ತದೆಂದು, ಅವಳು ಗೇಟಿನ ಹತ್ತಿರ ಎಸೆದು ಓಡಿದ್ದಳು.

ಒಳಗೆ ಗಡಿಯಾರ ಹನ್ನೆರಡೂವರೆ ಹೊಡೆಯಿತು. ಪರೀಕ್ಷೆ ಮುಗಿಯಲು ಇನ್ನೂ ಅರ್ಧ ಗಂಟೆಯಿತ್ತು.

ಅವಳು ಅಜ್ಜಿಯ ಪಕ್ಕದಲ್ಲಿ ಕೂತು, ತನ್ನ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಮುಚ್ಚಿದಳು.

“ಹೋಗಿ ಊಟ ಮಾಡಜ್ಜಿ. ಇನ್ನರ್ಧ ಗಂಟೆ ನಾನು ಹಿಡ್ಕೋತೀನಿ.”

“ಬಿಟ್ಟುಬಿಟ್ಟೀಯ ಮತ್ತೆ.”

“ಇಲ್ಲ, ಬಿಡಲ್ಲ.”

ಅಜ್ಜಿ ಒಂದೊಂದೇ ಬೆರಳನ್ನು ಬಿಡಿಸಿದರು. ಒಳಗಿನ ಹೆಬ್ಬೆರಳು ಬಿಳಿಚಿಕೊಂಡಿತ್ತು. ಅದನ್ನು ಉಜ್ಜಿಕೊಳ್ಳುತ್ತ ಒಳಗೆ ಹೋದರು.

ಮಲ್ಲಿಗೆಯ ಘಮಕ್ಕೋ ಏನೋ, ವಾರಿಜಾಳಿಗೆ ಸೀನು ಬರುವಂತಾಯಿತು. ಅವಳು ಇನ್ನೊಂದು ಕೈಯಿಂದ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡಳು.